ಹೆಸರು ಓದುವಾಗ ಯಾಕೆ ನಿಲ್ಲಬೇಕು? ಪೊಲೀಸ್ ಹುತಾತ್ಮರ ದಿನದ ಬಗ್ಗೆ ನಿಮ್ಮ ಪ್ರಶ್ನೆಗಳು

ಅಕ್ಟೋಬರ್ 21ರ ಪೊಲೀಸ್ ಹುತಾತ್ಮರ ದಿನದ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳು ಇವು. ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ (ಡಿಎಆರ್) ಕಾನ್‌ಸ್ಟೇಬಲ್ ಆಗಿ ಸೇರಿ, ರಿಸರ್ವ್ ಪೊಲೀಸ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದ, ವರ್ಷಗಟ್ಟಲೆ ಈ ಪರೇಡ್ ನಡೆಸಿದ ಹಿರಿಯರೊಬ್ಬರು ಉತ್ತರಿಸಿದ್ದಾರೆ.

ನಮ್ಮ ಮನೆ ಡಿಎಆರ್ ಮೈದಾನದ ಹಿಂದಿನ ಬೀದಿಯಲ್ಲಿದೆ. ಪ್ರತಿ ವರ್ಷ ಅಕ್ಟೋಬರ್ 21ರ ಬೆಳಿಗ್ಗೆ ಗುಂಡಿನ ಸದ್ದು ಕೇಳುತ್ತದೆ. ಮಗಳು ಯಾಕಮ್ಮ ಅಂದಳು, ಪೊಲೀಸ್ ಹುತಾತ್ಮರ ದಿನ ಅಂದೆ. ಅವತ್ತೇ ಯಾಕೆ ಅಂದಳು, ಅಲ್ಲಿಗೆ ನನ್ನ ಬಂಡವಾಳ ಮುಗಿಯಿತು. — ಗೃಹಿಣಿ, ದಾವಣಗೆರೆ

ಬೇಜಾರು ಮಾಡ್ಕೋಬೇಡಿ ತಾಯಿ. ಪರೇಡಿನಲ್ಲಿ ನಿಂತ ಹೊಸ ಹುಡುಗರನ್ನೇ ಕೇಳಿದರೂ ಅರ್ಧ ಜನ "ಚೀನಾ ಯುದ್ಧ ಸಾರ್" ಅಂತಾರೆ. ಯುದ್ಧ 1962ರದು. ಇದು ಅದಕ್ಕೂ ಮೂರು ವರ್ಷ ಹಿಂದಿನ ಮಾತು.

ಆಗ ಟಿಬೆಟ್ ಕಡೆಯ ಗಡಿ ಕಾಯುತ್ತಿದ್ದದ್ದು ಪೊಲೀಸರು. ಈಗ ಆ ಗಡಿ ಕಾಯುವ ಐಟಿಬಿಪಿ ಪಡೆ ಇನ್ನೂ ಹುಟ್ಟಿರಲಿಲ್ಲ, ಅದು ಬಂದದ್ದು 1962ರ ಅಕ್ಟೋಬರ್ 24ಕ್ಕೆ. ಬಿಎಸ್‌ಎಫ್ ಬಂದದ್ದು 1965ರಲ್ಲಿ. ಲಡಾಖಿನ ಈಶಾನ್ಯ ಮೂಲೆಯಲ್ಲಿ ಹಾಟ್ ಸ್ಪ್ರಿಂಗ್ಸ್ ಅಂತ ಒಂದು ಜಾಗ ಇದೆ. ಹೆಸರಿಗೆ ಬಿಸಿನೀರಿನ ಬುಗ್ಗೆ, ಸುತ್ತ ಮಾತ್ರ ಮರ ಗಿಡ ಏನೂ ಇಲ್ಲದ ಕೊರೆಯುವ ಚಳಿ. 1959ರ ಅಕ್ಟೋಬರ್ 20ರಂದು ಅಲ್ಲಿಂದ ಮೂರು ತಂಡಗಳು ಲನಕ್ ಲಾ ಕಣಿವೆ ಕಡೆಯ ದಾರಿ ನೋಡಿಕೊಂಡು ಬರಲು ಹೊರಟವು. ಎರಡು ತಂಡ ಮಧ್ಯಾಹ್ನಕ್ಕೆ ವಾಪಸ್ ಬಂದವು. ಮೂರನೆಯದರಲ್ಲಿ ಇದ್ದವರು ಇಬ್ಬರು ಕಾನ್‌ಸ್ಟೇಬಲ್‌ಗಳು, ಒಬ್ಬ ಕೂಲಿ. ಅವರು ಬರಲೇ ಇಲ್ಲ.

ಮಾರನೇ ದಿನ ಬೆಳಿಗ್ಗೆ ಕೈಗೆ ಸಿಕ್ಕ ಸಿಬ್ಬಂದಿಯನ್ನೆಲ್ಲ ಕಟ್ಟಿಕೊಂಡು ಗುಪ್ತಚರ ವಿಭಾಗದ ಅಧಿಕಾರಿ ಕರಮ್ ಸಿಂಗ್ ಹುಡುಕಲು ಹೊರಟರು. ಅವರು ಕುದುರೆ ಮೇಲೆ, ಉಳಿದವರು ನಡೆದು. ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಮೇಲಿಂದ ಚೀನೀ ಸೈನಿಕರು ಗುಂಡು ಹಾರಿಸಿದರು, ಗ್ರೆನೇಡ್ ಎಸೆದರು. ಅವಿತುಕೊಳ್ಳಲು ಒಂದು ಬಂಡೆಯ ಮರೆ ಕೂಡ ಇಲ್ಲದ ಬಯಲು. 10 ಜನ ಅಲ್ಲೇ ತೀರಿಕೊಂಡರು, 7 ಜನ ಗಾಯಗೊಂಡು ಸೆರೆಯಾದರು, ಉಳಿದವರು ಹೇಗೋ ತಪ್ಪಿಸಿಕೊಂಡು ಬಂದರು. ಶವಗಳನ್ನು ಚೀನಾದವರು ಒಪ್ಪಿಸಿದ್ದು ನವೆಂಬರ್ 13ಕ್ಕೆ, ಮೂರು ವಾರ ಕಳೆದ ಮೇಲೆ. ಹಾಟ್ ಸ್ಪ್ರಿಂಗ್ಸ್‌ನಲ್ಲೇ ಪೊಲೀಸ್ ಗೌರವದೊಂದಿಗೆ ಅಂತ್ಯಸಂಸ್ಕಾರ ಆಯಿತು. 1960ರ ಜನವರಿಯಲ್ಲಿ ಎಲ್ಲ ರಾಜ್ಯಗಳ ಪೊಲೀಸ್ ಮುಖ್ಯಸ್ಥರು ಸಭೆ ಸೇರಿದಾಗ ಅಕ್ಟೋಬರ್ 21ನ್ನು ದೇಶದ ಎಲ್ಲ ಪೊಲೀಸರ ನೆನಪಿನ ದಿನ ಮಾಡೋಣ ಅಂತ ತೀರ್ಮಾನಿಸಿದರು.

ನನಗೆ ಇದರಲ್ಲಿ ತಟ್ಟುವುದು ಒಂದು ವಿಷಯ. ಅವರು ಅವತ್ತು ಯಾರ ಮೇಲೂ ದಂಡೆತ್ತಿ ಹೋಗಿರಲಿಲ್ಲ. ಮನೆಗೆ ಬಾರದ ಮೂವರನ್ನು ಹುಡುಕಲು ಹೋಗಿದ್ದರು. ಠಾಣೆ ಭಾಷೆಯಲ್ಲಿ ಹೇಳಬೇಕೆಂದರೆ ಅದು ಮಿಸ್ಸಿಂಗ್ ಕೇಸು. ಮಗಳಿಗೆ ಇಷ್ಟು ಹೇಳಿ, ಅರ್ಥ ಆಗುತ್ತದೆ. ಮತ್ತೆ ಆ ಸದ್ದಿಗೆ ಹೆದರಬೇಡ ಅಂತಲೂ ಹೇಳಿ. ಗಾಳಿಯಲ್ಲಿ ಮೂರು ಸುತ್ತು, ಖಾಲಿ ತೋಟಾ. ನಮ್ಮ ಮೈದಾನದ ಪಕ್ಕದ ಆಲದ ಮರದ ಕಾಗೆಗಳಿಗೆ ಮಾತ್ರ ಅದು ಇಷ್ಟು ವರ್ಷವಾದರೂ ಗೊತ್ತಾಗಿಲ್ಲ.

ಕಳೆದ ವರ್ಷ ಎನ್‌ಸಿಸಿಯಿಂದ ಪರೇಡಿಗೆ ಕರೆದುಕೊಂಡು ಹೋಗಿದ್ದರು. ಹೆಸರು ಓದಿದರು, ಓದಿದರು, ಓದುತ್ತಲೇ ಇದ್ದರು. ಹೆಚ್ಚಿನವರು ಹೊರ ರಾಜ್ಯದವರು, ಯಾರೂ ಗೊತ್ತಿಲ್ಲ. ಬಿಸಿಲಿಗೆ ನಮ್ಮ ಹುಡುಗನೊಬ್ಬ ತಲೆ ತಿರುಗಿ ಬಿದ್ದ. ಒಂದು ಹಾಳೆ ಪ್ರಿಂಟ್ ಹಾಕಿ ಹಂಚಿದರೆ ಸಾಲದಾ? — ಪದವಿ ವಿದ್ಯಾರ್ಥಿ, ಹಾವೇರಿ

ಬಿದ್ದ ಹುಡುಗ ಬೆಳಿಗ್ಗೆ ತಿಂಡಿ ತಿಂದಿರಲಿಕ್ಕಿಲ್ಲ. ನಮ್ಮ ರಿಕ್ರೂಟ್‌ಗಳಲ್ಲೂ ಪ್ರತಿ ವರ್ಷ ಒಬ್ಬಿಬ್ಬರು ಬೀಳೋರು. ಮೊಣಕಾಲು ಬಿಗಿ ಹಿಡಿಯಬೇಡ, ಕಾಲ್ಬೆರಳು ಆಡಿಸ್ತಾ ಇರು ಅಂತ ನಾವು ಹೇಳಿಕೊಡುತ್ತಿದ್ದೆವು. ನೀವೂ ಹಾಗೆ ಮಾಡಿ.

ಈಗ ಹೆಸರಿನ ಮಾತು. ಹಿಂದಿನ ಸೆಪ್ಟೆಂಬರ್ 1ರಿಂದ ಈ ವರ್ಷದ ಆಗಸ್ಟ್ 31ರವರೆಗೆ ದೇಶದಲ್ಲಿ ಕರ್ತವ್ಯದಲ್ಲಿ ಪ್ರಾಣ ಕಳೆದುಕೊಂಡ ಪೊಲೀಸರ ಪಟ್ಟಿ ಅದು. ಎಲ್ಲ ರಾಜ್ಯದವರೂ, ಕೇಂದ್ರ ಪಡೆಗಳವರೂ ಇರುತ್ತಾರೆ. ಹಾವೇರಿಯಲ್ಲೂ ಅದೇ ಪಟ್ಟಿ, ಗುವಾಹಟಿಯಲ್ಲೂ ಅದೇ. 2022ರ ಸೆಪ್ಟೆಂಬರ್‌ನಿಂದ 2023ರ ಆಗಸ್ಟ್‌ವರೆಗಿನ ಪಟ್ಟಿಯಲ್ಲಿ 188 ಜನ ಇದ್ದರು. ಹೊರ ರಾಜ್ಯದವರದ್ದು ನಮಗ್ಯಾಕೆ ಅಂದ್ರೆ, ನಮ್ಮ ಹುಡುಗನ ಹೆಸರನ್ನು ಅವತ್ತು ಅಸ್ಸಾಮಿನ ಒಂದು ಮೈದಾನದಲ್ಲಿ ಅವರೂ ನಿಂತೇ ಕೇಳುತ್ತಾರೆ. ಲೆಕ್ಕ ಚುಕ್ತಾ, ಅಲ್ವಾ?

ನಮ್ಮಲ್ಲಿ ಸಾಮಾನ್ಯವಾಗಿ ಎಸ್‌ಪಿ ಸಾಹೇಬರು ಓದುತ್ತಾರೆ. ನಾಗಾಲ್ಯಾಂಡ್, ಮಣಿಪುರದ ಹೆಸರು ಬಂದಾಗ ನಾಲಿಗೆ ಹೊರಳುವುದಿಲ್ಲ. ಒಬ್ಬ ಎಸ್‌ಪಿ ಇದ್ದರು. ಹಿಂದಿನ ದಿನ ಸಂಜೆ ಪಟ್ಟಿ ಹಿಡಿದುಕೊಂಡು, ಈಶಾನ್ಯದಲ್ಲಿ ಕೆಲಸ ಮಾಡಿ ನಿವೃತ್ತಿಯಾಗಿದ್ದ ಸಿಆರ್‌ಪಿಎಫ್‌ನ ಹವಾಲ್ದಾರ್ ಒಬ್ಬರನ್ನು ಮನೆಗೆ ಕರೆಸಿ, ಒಂದೊಂದೇ ಹೆಸರು ಹೇಳಿಸಿಕೊಂಡು, ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳೋರು. ಅವರ ಕೈಕೆಳಗೆ ಕೆಲಸ ಮಾಡೋದು ಭಾರಿ ಕಷ್ಟ ಇತ್ತು, ಬೈಗುಳಕ್ಕೆ ಬರವಿಲ್ಲ. ಆದರೂ ಆ ಒಂದು ಸಂಜೆಗಾಗಿ ಅವರ ಮೇಲೆ ನನಗೆ ಇವತ್ತಿಗೂ ಗೌರವ.

ಇನ್ನೊಂದು ವರ್ಷ, ಬೇರೆ ಜಿಲ್ಲೆ, ಬೇರೆ ಸಾಹೇಬರು. ಗಾಳಿ ಇತ್ತು. ಓದುವಾಗ ಎರಡು ಹಾಳೆ ಒಟ್ಟಿಗೆ ಮಗುಚಿಬಿಟ್ಟವು. ಯಾರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಕುಟುಂಬದವರಿಗೆ ಅಂತ ಹಾಕಿದ್ದ ಕುರ್ಚಿಗಳಲ್ಲಿ ಮೂರನೆಯದರಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದರು. ಮಡಿಲಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಫೋಟೊ. ಆಯಮ್ಮ ಅಳಲಿಲ್ಲ, ಎದ್ದು ನಿಲ್ಲಲಿಲ್ಲ. ಸುಮ್ನೆ ಅತ್ತ ಇತ್ತ ನೋಡೋಕೆ ಶುರು ಮಾಡಿದರು, ಬಸ್ ಸ್ಟಾಪು ದಾಟಿಹೋಯಿತಾ ಅಂತ ಕಿಟಕಿಯಿಂದ ನೋಡುವವರ ಹಾಗೆ. ಆಗ ಹೊಳೆಯಿತು. ಪರೇಡ್ ಮಧ್ಯದಲ್ಲಿ ಇನ್ಸ್‌ಪೆಕ್ಟರ್ ಜಾಗ ಬಿಟ್ಟು ಕದಲುವ ಹಾಗಿಲ್ಲ. ನಾನು ಕದಲಿದೆ. ವೇದಿಕೆ ಪಕ್ಕ ಹೋಗಿ ಕಿವಿಯಲ್ಲಿ ಹೇಳಿದೆ. ಸಾಹೇಬರು ಮೈಕಿಗೆ ವಾಪಸ್ ಬಂದು ಬಿಟ್ಟುಹೋದ ಹಾಳೆ ಪೂರ್ತಿ ಓದಿದರು. ಕಾರ್ಯಕ್ರಮ ಮುಗಿದ ಮೇಲೆ ಆಯಮ್ಮ ಏನೂ ಹೇಳಲಿಲ್ಲ. ಟೀ ಕುಡಿದರು, ಬಿಸ್ಕತ್ತನ್ನು ಸೆರಗಿಗೆ ಕಟ್ಟಿಕೊಂಡರು, ಬಸ್ಸಿಗೆ ಹೋದರು. ಪ್ರಿಂಟ್ ಹಾಕಿದ ಹಾಳೆ ಅವತ್ತೂ ಎಲ್ಲರ ಕೈಯಲ್ಲಿ ಇತ್ತು ಕಣಪ್ಪಾ. ಆಯಮ್ಮ ಬೆಳಗಿನ ಜಾವದ ಬಸ್ಸು ಹಿಡಿದು ಬಂದದ್ದು ಹಾಳೆಗಲ್ಲ.

ಯಾರೂ ಗೊತ್ತಿಲ್ಲ ಅಂದಿರಲ್ಲ, ನಮ್ಮವರದ್ದೇ ಒಂದಿಷ್ಟು ಹೇಳುತ್ತೇನೆ. ವೀರಪ್ಪನ್ ಕಾಲದಲ್ಲಿ, 1992ರ ಆಗಸ್ಟ್ 14ರಂದು, ಸುಳಿವು ಸಿಕ್ಕಿತೆಂದು ಮಿಣ್ಯಂ ಕಾಡಿನ ದಾರಿಯಲ್ಲಿ ಹೋದ ಮೈಸೂರು ಎಸ್‌ಪಿ ಟಿ. ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಹೊಂಚುದಾಳಿಗೆ ಬಲಿಯಾದರು. ಸುಳಿವೇ ಬಲೆ ಆಗಿತ್ತು. ಈ ಎರಡು ಹೆಸರು ಹಳೇ ಮೈಸೂರು ಕಡೆ ಈಗಲೂ ಜನರ ಬಾಯಲ್ಲಿವೆ. ಆದರೆ ಅವರ ಜೊತೆ ಸತ್ತ ಕಾನ್‌ಸ್ಟೇಬಲ್‌ಗಳ ಹೆಸರು ಕೇಳಿ ನೋಡಿ. ಅದೇ ವರ್ಷ ಮೇ ತಿಂಗಳಲ್ಲಿ ವೀರಪ್ಪನ್ ತಂಡದವರು ರಾಮಾಪುರ ಠಾಣೆಗೆ ರಾತ್ರೋರಾತ್ರಿ ನುಗ್ಗಿ ಐವರು ಪೊಲೀಸರನ್ನು ಕೊಂದರು. ಅವರ ಹೆಸರು? 2005ರ ಫೆಬ್ರವರಿಯಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ತಂಗಿದ್ದ ರಾಜ್ಯ ಮೀಸಲು ಪೊಲೀಸ್, ಅಂದರೆ ಕೆಎಸ್‌ಆರ್‌ಪಿ ತುಕಡಿಯ ಮೇಲೆ ರಾತ್ರಿ ನಕ್ಸಲರ ದಾಳಿ ಆಯಿತು. ಊರಿನ ಹೆಸರು ನೆನಪಿದೆ, ಹುಡುಗರದ್ದು ಇಲ್ಲ. ಕಲಬುರಗಿಯ ಪಿಎಸ್‌ಐ ಮಲ್ಲಿಕಾರ್ಜುನ ಬಂಡೆ ಅವರದು ನಿಮ್ಮ ಕಾಲದ್ದೇ. 2014ರ ಜನವರಿಯಲ್ಲಿ ರೌಡಿಯೊಬ್ಬನನ್ನು ಹಿಡಿಯಲು ಹೋಗಿ ತಲೆಗೆ ಗುಂಡು ತಗುಲಿ, ಒಂದು ವಾರ ಆಸ್ಪತ್ರೆಯಲ್ಲಿ ಹೋರಾಡಿ ಹೋದರು.

ಅಧಿಕಾರಿಯಾದರೆ ಪೇಪರ್‌ನಲ್ಲಿ ಫೋಟೊ ಬರುತ್ತದೆ, ಸರ್ಕಲ್ಲಿಗೆ ಹೆಸರು ಬರುತ್ತದೆ. ಕಾನ್‌ಸ್ಟೇಬಲ್ ಹೆಸರು ಮೈಕಿನಲ್ಲಿ, ಅಷ್ಟು ಜನರ ಮುಂದೆ ಬರುವುದು ಬಹುತೇಕ ಆ ಒಂದೇ ಸಲ. ಮುಂಬೈನ ತುಕಾರಾಂ ಓಂಬ್ಳೆ ಅಂಥವರು ಅಪರೂಪ. 2008ರ ನವೆಂಬರ್ 26ರ ರಾತ್ರಿ ಗಿರ್ಗಾಂವ್ ಚೌಪಾಟಿಯಲ್ಲಿ ಬರೀ ಲಾಠಿ ಇದ್ದ ಎಎಸ್‌ಐ, ಕಸಬ್‌ನ ಬಂದೂಕಿನ ನಳಿಕೆ ಹಿಡಿದುಕೊಂಡು, ಗುಂಡು ಮೈಗೆ ನುಗ್ಗಿದರೂ ಬಿಡಲಿಲ್ಲ. ಅಶೋಕ ಚಕ್ರ ಬಂತು. 2021ರಲ್ಲಿ ವಿಜ್ಞಾನಿಗಳು ಹೊಸದಾಗಿ ಗುರುತಿಸಿದ ಒಂದು ಜಿಗಿಯುವ ಜೇಡಕ್ಕೂ ಅವರ ಹೆಸರು ಇಟ್ಟರು, 'ಇಸಿಯಸ್ ತುಕಾರಾಮಿ' ಅಂತ. ಇದನ್ನು ಕೇಳಿದಾಗ ನಮ್ಮ ಹಳೇ ಹುಡುಗರು ನಕ್ಕರು, ಆಮೇಲೆ ಖುಷಿಪಟ್ಟರು.

ನಮ್ಮ ಭಾವ ಹೆಡ್ ಕಾನ್‌ಸ್ಟೇಬಲ್. ರಾತ್ರಿ ಗಸ್ತಿನಲ್ಲಿದ್ದಾಗ ಲಾರಿ ಗುದ್ದಿ ತೀರಿಕೊಂಡು ಐದು ತಿಂಗಳಾಯಿತು. ಊರಲ್ಲಿ ಕೆಲವರು "ಅದು ಆಕ್ಸಿಡೆಂಟು, ಹುತಾತ್ಮ ಹೆಂಗಾಗ್ತಾನೆ" ಅಂತ ಅಕ್ಕನ ಎದುರೇ ಅಂತಾರೆ. ಅವರಿಗಿರುವುದು ಮದುವೆಯಾದ ಮಗಳು ಒಬ್ಬಳೇ. ಏನು ಮಾಡಬೇಕು? — ಓದುಗರು, ಚಿತ್ರದುರ್ಗ ಜಿಲ್ಲೆ

ಊರಿನವರಿಗೆ ಹೇಳಿ: ಲಾರಿಗೆ ಅಡ್ಡ ನಿಲ್ಲುವುದೇ ಅವನ ಕೆಲಸ ಆಗಿತ್ತು. ಹೆದ್ದಾರಿಯಲ್ಲಿ ರಾತ್ರಿ ಎರಡು ಗಂಟೆಗೆ ಬ್ಯಾರಿಕೇಡ್ ಪಕ್ಕ ಟಾರ್ಚ್ ಹಿಡಿದು ನಿಂತು ನೋಡಲಿ ಒಮ್ಮೆ.

ಈ 'ಹುತಾತ್ಮ' ಪದದ ಜಗಳದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಕಾನೂನಿನಲ್ಲಿ ಆ ಪದಕ್ಕೆ ವ್ಯಾಖ್ಯೆಯೇ ಇಲ್ಲ ಅಂತ ಕೇಂದ್ರ ಸರ್ಕಾರವೇ ಸಂಸತ್ತಿನಲ್ಲಿ ಹೇಳಿದೆ, ಸೈನ್ಯಕ್ಕೂ ಇಲ್ಲ, ಪೊಲೀಸರಿಗೂ ಇಲ್ಲ. ಅದು ಜನ ಪ್ರೀತಿಯಿಂದ ಕೊಡುವ ಹೆಸರು. ಕಡತದಲ್ಲಿ ನಡೆಯುವುದು ಬೇರೆ ಪದ: ಕರ್ತವ್ಯದಲ್ಲಿದ್ದಾಗ ಮರಣ. ನಿಮ್ಮ ಅಕ್ಕನ ಪಾಲಿಗೆ ಸದ್ಯ ಅದೇ ಮುಖ್ಯ.

ಹಾಗಾಗಿ ಮೊದಲು ಕಾಗದ ಗಟ್ಟಿ ಮಾಡಿಕೊಳ್ಳಿ. ಆ ರಾತ್ರಿ ಅವರಿಗೆ ಗಸ್ತು ಹಾಕಿದ್ದ ಡ್ಯೂಟಿ ಪಟ್ಟಿ, ಠಾಣಾ ದಿನಚರಿಯ ನಕಲು, ಎಫ್‌ಐಆರ್, ಮರಣೋತ್ತರ ಪರೀಕ್ಷೆ ವರದಿ. ಇವತ್ತು ಎಲ್ಲರಿಗೂ ನೆನಪಿರುತ್ತದೆ, ಎಲ್ಲರೂ ಸಹಾಯ ಮಾಡ್ತಾರೆ. ಎರಡು ವರ್ಷ ಆದಮೇಲೆ ಠಾಣೆಯಲ್ಲಿ ಹೊಸ ಮುಖಗಳು, ಹೊಸ ರೈಟರ್. "ಯಾವ ಕೇಸಮ್ಮ?" ಅಂತಾರೆ. ಇದನ್ನು ನಾನು ಬೈದು ಹೇಳ್ತಿಲ್ಲ, ವರ್ಗಾವಣೆ ಇರುವ ಇಲಾಖೆಯಲ್ಲಿ ಹಾಗೇ ಆಗುವುದು.

ಅನುಕಂಪದ ನೌಕರಿಗೆ ನಮ್ಮ ರಾಜ್ಯದ 1996ರ ನಿಯಮದ ಪ್ರಕಾರ ಮರಣದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಐದು ತಿಂಗಳು ಹೋಗಿದೆ, ವರ್ಷದ ಕಾರ್ಯ ಮುಗಿಯಲಿ ಅಂತ ಕಾಯಬೇಡಿ. ಅಕ್ಕನೇ ಅರ್ಜಿ ಹಾಕಬಹುದು. ಮಗಳಿಗೆ ಮದುವೆಯಾಗಿದೆ ಅನ್ನೋ ಒಂದೇ ಕಾರಣಕ್ಕೆ ಈಗ ತಳ್ಳಿಹಾಕುವ ಹಾಗಿಲ್ಲ. 2020ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, ಮದುವೆಯಾದ ಮಗನಿಗೆ ಇರುವ ಹಕ್ಕು ಮದುವೆಯಾದ ಮಗಳಿಗೆ ಇಲ್ಲ ಅನ್ನುವುದು ಸಂವಿಧಾನಕ್ಕೆ ವಿರುದ್ಧ ಅಂದಿತು, 2021ರಲ್ಲಿ ನಿಯಮವೂ ತಿದ್ದುಪಡಿ ಆಯಿತು. ಆದರೆ ತಂದೆಯ ದುಡಿಮೆಯನ್ನು ನಂಬಿಕೊಂಡಿದ್ದರು ಅನ್ನುವುದು ಈ ನಿಯಮದ ಜೀವಾಳ, ಅದಕ್ಕೆ ದಾಖಲೆ ಜೋಡಿಸಿ. ಅರ್ಜಿಯನ್ನು ಎಸ್‌ಪಿ ಕಚೇರಿಗೆ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. "ನಾನು ನೋಡ್ಕೋತೀನಿ ಬಿಡಿ" ಅನ್ನುವ ಮಾತಿಗೆ ಸೀಲು ಇರುವುದಿಲ್ಲ.

ದೆಹಲಿಗೆ ಹೋಗ್ತಿದ್ದೇವೆ. ಪೊಲೀಸ್ ಸ್ಮಾರಕ ನೋಡಬಹುದಾ? — ಓದುಗರು, ಉಡುಪಿ

ಖಂಡಿತ ಹೋಗಿ. ಚಾಣಕ್ಯಪುರಿಯಲ್ಲಿದೆ, 2018ರ ಅಕ್ಟೋಬರ್ 21ರಂದು ಉದ್ಘಾಟನೆ ಆದದ್ದು. 30 ಅಡಿ ಎತ್ತರದ ಒಂದೇ ಕಲ್ಲು, 238 ಟನ್ ಗ್ರಾನೈಟು. ಕಲ್ಲಿನ ಮುಂದೆ ಸೆಲ್ಫಿ ತೆಗೆಸಿಕೊಂಡು ವಾಪಸ್ ಬರಬೇಡಿ, ಹೆಸರಿನ ಗೋಡೆ ಹತ್ತಿರ ಹೋಗಿ. ಸ್ವಾತಂತ್ರ್ಯದಿಂದ ಈಚೆಗೆ ಸತ್ತವರ 34,844 ಹೆಸರು ಉದ್ಘಾಟನೆ ಹೊತ್ತಿಗೆ ಅಲ್ಲಿದ್ದವು. ಆಮೇಲೆ ಪ್ರತಿ ವರ್ಷ ಸೇರಿ ಈಗ 36,000 ದಾಟಿದೆ. ಕರ್ನಾಟಕದ ಸಾಲು ಹುಡುಕಿ. ನೆಲದಡಿ ವಸ್ತುಸಂಗ್ರಹಾಲಯವೂ ಇದೆ. ದೆಹಲಿ ದೂರ ಅನ್ನುವವರಿಗೆ ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ನಮ್ಮ ರಾಜ್ಯದ ಹುತಾತ್ಮರ ಸ್ಮಾರಕ ಇದೆ.

ದುಬೈನಲ್ಲಿ ಕೆಲಸದಲ್ಲಿದ್ದೇನೆ. ಇಂಥ ಕುಟುಂಬಗಳಿಗೆ ದುಡ್ಡು ಕಳಿಸಬೇಕು ಅಂತಿದ್ದೇನೆ. ಯಾರನ್ನು ನಂಬುವುದು? — ಓದುಗರು

ವಾಟ್ಸಾಪಿನಲ್ಲಿ ಫೋಟೊ ಹಾಕಿ ಕ್ಯೂಆರ್ ಕೋಡ್ ಕಳಿಸುವವರನ್ನು ನಂಬಬೇಡಿ, ಅಷ್ಟೇ. ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಕೇಂದ್ರ ಪಡೆಯವರಿಗೆ 'ಭಾರತ್ ಕೆ ವೀರ್' ಅಂತ ಗೃಹ ಸಚಿವಾಲಯದ ವ್ಯವಸ್ಥೆ 2017ರಿಂದ ಇದೆ, ದುಡ್ಡು ನೇರ ಕುಟುಂಬದ ಖಾತೆಗೆ ಹೋಗುತ್ತದೆ. ರಾಜ್ಯ ಪೊಲೀಸರು ಅದರಲ್ಲಿ ಬರುವುದಿಲ್ಲ, ಇದು ಬಹಳ ಜನರಿಗೆ ಗೊತ್ತಿಲ್ಲ. ನಮ್ಮಲ್ಲಿ ಏಪ್ರಿಲ್ 2 ಪೊಲೀಸ್ ಧ್ವಜ ದಿನ. ಅವತ್ತು ಮಾರುವ ಚಿಕ್ಕ ಧ್ವಜದ ದುಡ್ಡು ಪೊಲೀಸ್ ಕಲ್ಯಾಣಕ್ಕೆ ಹೋಗುತ್ತದೆ. ಅಂಗಿಗೆ ಚುಚ್ಚಿದ ಆ ಧ್ವಜವನ್ನು ದಂಡದ ರಸೀದಿ ಅಂದುಕೊಂಡು ಮುಖ ಸಿಂಡರಿಸುವವರನ್ನೂ ನೋಡಿದ್ದೇನೆ.

ನನ್ನ ತಮ್ಮನನ್ನು ಏನೂ ಇಲ್ಲದ ಕೇಸಿನಲ್ಲಿ ಠಾಣೆಗೆ ಎಳೆದುಕೊಂಡು ಹೋಗಿ ಹೊಡೆದರು. ಬಿಡಿಸಿಕೊಂಡು ಬರಲು ದುಡ್ಡು ಕೊಟ್ಟೆವು. ನಾನು ಯಾಕೆ ನೆನಪಿಸಿಕೊಳ್ಳಬೇಕು ಹೇಳಿ? — ಹೆಸರು ಬೇಡ ಅಂದಿದ್ದಾರೆ

ನೀವು ನೆನೆಯಲೇಬೇಕು ಅಂತ ನಾನು ಹೇಳುವುದಿಲ್ಲ. ಖಾಕಿ ಹಾಕಿಕೊಂಡು ಬದುಕಿದವನು ನಾನು, ನೀವು ಹೇಳಿದ್ದು ನಡೆಯುತ್ತದೆ ಅನ್ನುವುದು ನನಗೆ ನಿಮಗಿಂತ ಚೆನ್ನಾಗಿ ಗೊತ್ತು. 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಪೊಲೀಸರ ವಿರುದ್ಧ ದೂರು ಕೇಳುವ ಪ್ರಾಧಿಕಾರ ನಮ್ಮ ರಾಜ್ಯದಲ್ಲೂ ಬಂದಿದೆ. ಮಾನವ ಹಕ್ಕುಗಳ ಆಯೋಗ ಇದೆ. ದೂರು ಕೊಡಿ. ದಿನಾಂಕ, ಹೊತ್ತು, ಗಾಯದ ಚೀಟಿ ಎಲ್ಲ ಹಾಕಿ ಕೊಡಿ.

ಒಂದೇ ಮಾತು. ಹುತಾತ್ಮರ ದಿನವನ್ನು ತೋರಿಸಿ ನಿಮ್ಮ ಬಾಯಿ ಮುಚ್ಚಿಸಲು ಯಾರಾದರೂ ಬಂದರೆ, ಅವರು ಸತ್ತವರ ಹೆಸರನ್ನು ಗುರಾಣಿ ಮಾಡಿಕೊಳ್ಳುತ್ತಿದ್ದಾರೆ ಅಂತ ತಿಳಿಯಿರಿ. ಹಾಗೆಯೇ, ನಿಮ್ಮ ತಮ್ಮನಿಗೆ ಹೊಡೆದವನ ಲೆಕ್ಕವನ್ನು ರಾಮಾಪುರದಲ್ಲಿ ಸತ್ತವನ ಖಾತೆಗೆ ಬರೆಯಬೇಡಿ. ಅವನ ಮಗನೂ ಎಲ್ಲೋ ಒಂದು ಕಚೇರಿಯ ಮುಂದೆ ಫೈಲು ಹಿಡಿದು ಕಾಯ್ದವನೇ.

ನಮ್ಮ ಬೀದಿಯಲ್ಲಿ ಒಂದು ಮನೆ ಇದೆ. ಮಗ ಕೆಎಸ್‌ಆರ್‌ಪಿಯಲ್ಲಿದ್ದ, ಡ್ಯೂಟಿಯಲ್ಲಿ ಹೋದ. ತಾಯಿಯನ್ನು ಮಾತಾಡಿಸಬೇಕು ಅನ್ನಿಸುತ್ತದೆ, ಏನು ಮಾತಾಡುವುದು ಅಂತ ಗೊತ್ತಾಗದೆ ತಲೆ ತಗ್ಗಿಸಿ ದಾಟಿಹೋಗುತ್ತೇನೆ. — ಶಿಕ್ಷಕರು, ಗದಗ

ಮೇಷ್ಟ್ರೇ, ಅಕ್ಟೋಬರ್ 21ಕ್ಕೆ ಹೋಗಬೇಡಿ. ಅವತ್ತು ಎಲ್ಲರೂ ಇರುತ್ತಾರೆ, ಶಾಲು, ಹಾರ, ಫೋಟೊ. 22ಕ್ಕೆ ಹೋಗಿ, ಇಲ್ಲವೇ ಸಂತೆ ದಿನ ಹೋಗಿ. 'ದೇಶಕ್ಕಾಗಿ' 'ತ್ಯಾಗ' ಅಂತೆಲ್ಲ ಶುರು ಮಾಡಬೇಡಿ, ಆ ಮಾತುಗಳನ್ನು ಅವರು ಬೇಕಾದಷ್ಟು ಕೇಳಿದ್ದಾರೆ. ಹುಡುಗನ ಹೆಸರು ಹಿಡಿದು ಮಾತಾಡಿ. ಎಲ್ಲರೂ ತಾಯಿಗೆ ನೋವಾಗುತ್ತದೆ ಅಂತ ಹೆಸರೇ ಎತ್ತುವುದಿಲ್ಲ. ಆದರೆ ಆಕೆಗೆ ಬೇಕಿರುವುದೇ ಅದು, ಅಂತ ನನಗೆ ಅನ್ನಿಸಿದ್ದು ಒಂದು ಮನೆಯಲ್ಲಿ.

ಬ್ಯಾರಕ್ಕಿನಲ್ಲಿ ಒಬ್ಬೊಬ್ಬರಿಗೂ ಒಂದು ಟ್ರಂಕು ಇರುತ್ತದೆ. ಹುಡುಗ ಹೋದಮೇಲೆ ಅದನ್ನು ತೆಗೆದು, ಪಟ್ಟಿ ಮಾಡಿ, ಮನೆಗೆ ತಲುಪಿಸಬೇಕು. ಒಮ್ಮೆ ನಾನೇ ಹೋಗಿದ್ದೆ, ನಿಮ್ಮ ಕಡೆಯ ಹಳ್ಳಿಯೇ. ಅವ್ವ ಪಡಸಾಲೆಯಲ್ಲಿ ಟ್ರಂಕು ಇಳಿಸಿಕೊಂಡು ಮುಚ್ಚಳ ತೆಗೆದರು. ಎರಡು ಜೊತೆ ಯೂನಿಫಾರ್ಮು, ಬೂಟ್ ಪಾಲಿಶ್ ಡಬ್ಬಿ, ಬೆಲ್ಟಿನ ಬಕಲ್ ಉಜ್ಜುವ ಬ್ರಾಸೊ, ಬಸ್ ಟಿಕೆಟುಗಳು, ಒಂದು ಸ್ಟೀಲ್ ಡಬ್ಬಿ. ಅವರು ಮೊದಲು ಕೈ ಹಾಕಿದ್ದು ಡಬ್ಬಿಗೆ. ಹಬ್ಬಕ್ಕೆ ಬಂದಾಗ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಪುಡಿ, ತಳದಲ್ಲಿ ಸ್ವಲ್ಪ ಉಳಿದಿತ್ತು.

"ಎಲ್ಲಾ ಇವನ ತಿಂದನೋ, ಯಾರಿಗರೆ ಕೊಟ್ಟನೋ?" ಅಂದರು.

ಕೊಟ್ಟಿದ್ದ ಅವ್ವಾ, ಇಡೀ ಬ್ಯಾರಕ್ಕಿಗೆ ಹಂಚಿದ್ದ, ಬಿಸಿ ಅನ್ನಕ್ಕೆ ಕಲಸಿಕೊಂಡು ನಾನೂ ತಿಂದೀನಿ ಅಂದೆ. ಅದು ನಿಜವೇ. ಅವರು ಮುಚ್ಚಳ ಒತ್ತಿ ಹಾಕಿ, ಸೆರಗಿನಲ್ಲಿ ಡಬ್ಬಿ ಒರೆಸಿ, ನನ್ನ ಮುಖ ನೋಡಿದರು.

"ಖಾರ ಆಗಿತ್ತೇನ್ರಿ?"

ಸ್ವಲ್ಪ ಜಾಸ್ತಿನೇ ಆಗಿತ್ತು ಅಂದೆ.